ಹೊಸ ಗ್ರಂಥಾಲಯಕ್ಕೂ ಒಂದು ಜಗಲಿ ಇರಲಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕರಾವಳಿಯ ಪಟ್ಟಣವೊಂದರ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುವ ಸಂದರ್ಭ ಒದಗಿತ್ತು. ಕಟ್ಟಡ ಹೊಸದು, ಉದ್ಘಾಟನೆಯಾಗಿ ಇನ್ನೂ ಐದು ವರ್ಷ ತುಂಬಿರಲಿಲ್ಲ. ರಸ್ತೆಗೆ ಎದುರಾಗಿ ಎರಡಾಳೆತ್ತರದ ಗಾಜಿನ ಗೋಡೆ, ಬಾಗಿಲ ಬಳಿ ಗಣ್ಯರ ಹೆಸರುಗಳಿದ್ದ ಅಮೃತಶಿಲೆಯ ಫಲಕ. ಹೊರಗಿನಿಂದ ನೋಡಿದವರು ಊರು ಮುಂದುವರಿಯಿತೆಂದು ಹೆಮ್ಮೆಪಡಬೇಕು. ಒಳಗೆ ಕಾಲಿಟ್ಟಾಗ ಕಂಡ ನೋಟವೇ ಬೇರೆ. ಪಶ್ಚಿಮಕ್ಕೆ ಮುಖ ಮಾಡಿದ ಆ ಗಾಜಿನ ಉದ್ದಕ್ಕೂ ಹಳೆಯ ದಿನಪತ್ರಿಕೆಗಳನ್ನು ಅಂಟಿಸಿ ಬಿಸಿಲನ್ನು ತಡೆಯಲಾಗಿತ್ತು. ಬಿಸಿಲಿನೊಡನೆ ಬೆಳಕೂ ಹೊರಗುಳಿದುದರಿಂದ ಹಾಡುಹಗಲಲ್ಲೇ ದೀಪಗಳು ಉರಿಯುತ್ತಿದ್ದವು. ಹವಾನಿಯಂತ್ರಣ ಯಂತ್ರ ಕೆಟ್ಟು ಎಷ್ಟೋ ಕಾಲವಾಗಿತ್ತು. ಯಂತ್ರವನ್ನೇ ನಂಬಿ ಕಟ್ಟಿದ ಕೋಣೆಯಾದುದರಿಂದ ತೆರೆಯಲು ಕಿಟಕಿಗಳೇ ಇರಲಿಲ್ಲ. ಓದುಗರೆಲ್ಲಿ ಎಂದು ಕೇಳಿದಾಗ ಗ್ರಂಥಪಾಲಕರು ಸಂಕೋಚದಿಂದ ಹಿಂಬಾಗಿಲತ್ತ ಕೈತೋರಿದರು. ಅದೇ ಆವರಣದಲ್ಲಿದ್ದ ಹಳೆಯ ಗ್ರಂಥಾಲಯದ ಜಗಲಿಯಲ್ಲಿ, ಹಂಚಿನ ಮಾಡಿನ ನೆರಳಿನಲ್ಲಿ, ಹತ್ತು ಹನ್ನೆರಡು ಮಂದಿ ತರುಣ ತರುಣಿಯರು ಪುಸ್ತಕ ಹಿಡಿದು ಕುಳಿತಿದ್ದರು. ಆ ಹಳೆಯ ಕಟ್ಟಡ ಈಗ ಮುರಿದ ಕುರ್ಚಿ ಮೇಜುಗಳ ಉಗ್ರಾಣ. ಆದರೂ ಓದು ನಡೆಯುತ್ತಿದ್ದುದು ಅಲ್ಲಿಯೇ.

ಲಕ್ಷಾಂತರ ರೂಪಾಯಿಗಳ ಹೊಸ ಕಟ್ಟಡ ಓದುಗರನ್ನು ಹೊರದೂಡಿತ್ತು. ಯಾರಿಗೂ ಬೇಡವಾದ ಹಳೆಯ ಜಗಲಿ ಅವರನ್ನು ಬರಮಾಡಿಕೊಂಡಿತ್ತು. ಸುಸ್ಥಿರ ಕಟ್ಟಡ, ಪರಿಸರಸ್ನೇಹಿ ವಿನ್ಯಾಸ ಎಂಬ ಮಾತುಗಳು ಇಂದು ಸಭೆ ಸಮಾರಂಭಗಳಲ್ಲಿ ಧಾರಾಳವಾಗಿ ಕೇಳಿಬರುತ್ತವೆ. ಆ ಮಾತುಗಳ ಅರ್ಥವನ್ನು ಅಂದಿನ ದೃಶ್ಯಕ್ಕಿಂತ ಸರಳವಾಗಿ ತಿಳಿಸುವ ಪಾಠ ಇನ್ನೊಂದಿರಲಾರದು.

ಗ್ರಂಥಾಲಯದ ಕಟ್ಟಡ ನಮ್ಮ ಕುಟುಂಬಗಳಿಗೆ ಸಂಬಂಧಿಸಿದ ವಿಷಯವೇ ಎಂದು ಕೆಲವರು ಕೇಳಬಹುದು. ಖಂಡಿತವಾಗಿಯೂ ಹೌದು. ಮೊದಲನೆಯದಾಗಿ ಅದು ನಮ್ಮ ಹಣದಿಂದ ಆಗುವ ಕೆಲಸ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ಈಗಿನ ದರ ಶೇಕಡ 6. ಮನೆ ತೆರಿಗೆಯ ರಸೀದಿಯನ್ನು ಒಮ್ಮೆ ತೆಗೆದು ನೋಡಿದರೆ ಆ ಕಲಮು ಕಣ್ಣಿಗೆ ಬೀಳುತ್ತದೆ. ಎರಡನೆಯದಾಗಿ, ಎರಡು ಕೋಣೆಗಳ ಮನೆಯಲ್ಲಿ ಐದಾರು ಮಂದಿ ವಾಸಿಸುವ ಕುಟುಂಬದ ವಿದ್ಯಾರ್ಥಿಗೆ ಪರೀಕ್ಷೆಯ ಕಾಲದಲ್ಲಿ ಸದ್ದಿಲ್ಲದ ಒಂದು ಮೇಜು ಸಿಗುವುದು ಗ್ರಂಥಾಲಯದಲ್ಲಿ ಮಾತ್ರ. ಉಳ್ಳವರಿಗೆ ಮನೆಯಲ್ಲಿ ಪ್ರತ್ಯೇಕ ಕೋಣೆ ಇದೆ. ಇಲ್ಲದವರಿಗೆ ಆ ಮೇಜೇ ಕೋಣೆ. ಅದು ಸೆಕೆಯಿಂದಲೋ ಸೋರುವ ತಾರಸಿಯಿಂದಲೋ ನಿರುಪಯುಕ್ತವಾದರೆ ನಷ್ಟವಾಗುವುದು ಯಾರಿಗೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳೆಯುವ ಜೀವಿಗೆ ತಕ್ಕ ಮನೆ

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ಅಲ್ಲಿಯೇ ನಿಧನರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವನ್ನು ಬೆಳೆಯುತ್ತಿರುವ ಜೀವಿಯೆಂದು ಕರೆಯುತ್ತದೆ. ಓದುಗನ ಸಮಯ ಉಳಿಯಬೇಕೆಂಬುದು ಇನ್ನೊಂದು ಸೂತ್ರ. ಕಟ್ಟಡದ ನಕ್ಷೆ ತಯಾರಿಸುವವರು ಈ ಎರಡು ಮಾತುಗಳನ್ನು ಮನನ ಮಾಡಿದರೂ ಸಾಕು, ಅರ್ಧ ಕೆಲಸ ಮುಗಿದಂತೆ. ಜೀವಿಗೆ ಗಾಳಿ ಬೇಕು, ಬೆಳಕು ಬೇಕು, ಬೆಳೆಯಲು ಜಾಗ ಬೇಕು. ನಾಳೆ ಒಂದು ಕೋಣೆಯನ್ನು ಸೇರಿಸಲು ಅವಕಾಶವಿರುವಂತೆ ಇಂದು ಚಿಕ್ಕದಾಗಿ ಕಟ್ಟುವುದು, ಇಂದೇ ದೊಡ್ಡದಾಗಿ ಕಟ್ಟಿ ಅರ್ಧವನ್ನು ಬೀಗ ಹಾಕಿಡುವುದಕ್ಕಿಂತ ಮೇಲು.

ಪುಸ್ತಕಕ್ಕೂ ಓದುಗನಿಗೂ ಬೇಕಾದುದು ಪೂರ್ತಿಯಾಗಿ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಓದುಗನಿಗೆ ಧಾರಾಳವಾದ ಬೆಳಕು ಬೇಕು. ಪುಸ್ತಕಕ್ಕೆ ನೇರ ಬಿಸಿಲು ಶತ್ರು. ಬಿಸಿಲು ಬಿದ್ದ ಕಾಗದ ಹಳದಿಯಾಗಿ ಮುರಿಯುತ್ತದೆ, ರಟ್ಟಿನ ಬಣ್ಣ ಮಾಸುತ್ತದೆ. ಗಾಳಿಯ ತೇವಾಂಶ ಶೇಕಡ 65ನ್ನು ಮೀರಿ ಬಹುಕಾಲ ನಿಂತರೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವಾಂಶ ಆ ಮಿತಿಯನ್ನು ವಾರಗಟ್ಟಲೆ ಮೀರಿಯೇ ಇರುತ್ತದೆ. ಹವಾನಿಯಂತ್ರಣವೇ ಇದಕ್ಕೆ ಮದ್ದೆಂದು ಅನೇಕರು ನಂಬಿದ್ದಾರೆ. ಆದರೆ ಹಗಲು ಹತ್ತರಿಂದ ಐದರವರೆಗೆ ಯಂತ್ರವನ್ನು ನಡೆಸಿ ರಾತ್ರಿ ನಿಲ್ಲಿಸಿದರೆ, ತಣ್ಣಗಾದ ಕಪಾಟು ಪುಸ್ತಕಗಳ ಮೇಲೆ ಹೊರಗಿನ ತೇವಭರಿತ ಗಾಳಿ ಹನಿಗಟ್ಟುತ್ತದೆ. ಫಲವಾಗಿ ಬೂಷ್ಟು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಯಂತ್ರವನ್ನು ಹಗಲಿರುಳು ನಡೆಸುವ ಶಕ್ತಿ ಯಾವ ಪಂಚಾಯಿತಿಗಿದೆ, ಯಾವ ಪುರಸಭೆಗಿದೆ? ನಿಂತ ಗಾಳಿಯೇ ಪುಸ್ತಕದ ದೊಡ್ಡ ವೈರಿ. ಗೋಡೆಯಿಂದ ಒಂದು ಗೇಣು ದೂರ ಸರಿಸಿದ ಕಪಾಟು, ಎದುರುಬದುರಾದ ಕಿಟಕಿ, ಮೇಲ್ಭಾಗದಲ್ಲಿ ಬಿಸಿಗಾಳಿ ಹೊರಹೋಗುವ ಜಾಲಂಧ್ರ, ನೆಲದ ತೇವ ಏರದಂತೆ ಎತ್ತರಿಸಿದ ತಳಪಾಯ: ಬಡ ಗ್ರಂಥಾಲಯದ ನಿಜವಾದ ಹವಾನಿಯಂತ್ರಣ ಇವೇ.

ನಮ್ಮ ಹಂಚು, ನಮ್ಮ ಕಲ್ಲು

ಈ ವಿದ್ಯೆಯನ್ನು ನಾವು ಹೊರದೇಶದಿಂದ ಎರವಲು ತರಬೇಕಾಗಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಅಲ್ಬುಕರ್ಕ್ ಹಂಚಿನ ಕಾರ್ಖಾನೆ ಆರಂಭವಾಯಿತು. ನದಿದಡದ ಜೇಡಿಮಣ್ಣಿನಿಂದ ಮಾಡಿದ ಆ ಕೆಂಪು ಹಂಚು ಕಡಲು ದಾಟಿ ದೂರದೂರದ ಊರುಗಳ ಮಾಡುಗಳನ್ನೇರಿತು. ನಮ್ಮ ಹಿರಿಯರು ಕಟ್ಟಿದ ಇಗರ್ಜಿಗಳು, ಶಾಲೆಗಳು, ಮನೆಗಳು ಮುರಕಲ್ಲಿನ ದಪ್ಪ ಗೋಡೆ, ಹಂಚಿನ ಇಳಿಜಾರು ಮಾಡು, ಸುತ್ತಲೂ ಜಗಲಿ ಇವುಗಳಿಂದಲೇ ಮಳೆಯನ್ನೂ ಸೆಕೆಯನ್ನೂ ಎದುರಿಸಿದವು. ಹಂಚುಗಳ ಸಂದಿನಿಂದ ಬಿಸಿಗಾಳಿ ಮೇಲೇರಿ ಹೋಗುತ್ತದೆ. ಮುಂಚಾಚಿದ ಸೂರು ಗೋಡೆಗೆ ಬಿಸಿಲನ್ನೂ ಎರಚಲನ್ನೂ ತಾಗಗೊಡುವುದಿಲ್ಲ. ಬಯಲುಸೀಮೆಯಲ್ಲಾದರೆ ಅದೇ ಕೆಲಸವನ್ನು ಕಲ್ಲು ಮಣ್ಣಿನ ದಪ್ಪ ಗೋಡೆಯೂ ನಡುವಿನ ತೊಟ್ಟಿಯೂ ಮಾಡಿದವು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ 1915ರಲ್ಲಿ ಗ್ರಂಥಾಲಯ ಆರಂಭವಾಯಿತು. ಶತಮಾನ ದಾಟಿದ ಆ ಕೆಂಪು ಕಟ್ಟಡ ಎತ್ತರದ ಮಾಡು ಹಾಗೂ ಸುತ್ತಲಿನ ಮರಗಳ ಆಶ್ರಯದಲ್ಲಿ ಇಂದಿಗೂ ಓದುಗರನ್ನು ಕರೆಯುತ್ತಿದೆ.

ಈ ದೇಶೀಯ ಅರಿವನ್ನು ಹೊಸ ಕಾಲಕ್ಕೆ ಒಗ್ಗಿಸಿದ ಮಹನೀಯರಲ್ಲಿ ಲಾರಿ ಬೇಕರ್ ಅವರ ಹೆಸರು ಚಿರಸ್ಮರಣೀಯ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಅವರು ಗಾಂಧೀಜಿಯವರ ಭೇಟಿಯಿಂದ ಪ್ರಭಾವಿತರಾಗಿ ಭಾರತವನ್ನೇ ತಮ್ಮ ನೆಲವನ್ನಾಗಿ ಮಾಡಿಕೊಂಡು, 2007ರಲ್ಲಿ ತಿರುವನಂತಪುರದಲ್ಲಿ ಕಣ್ಮುಚ್ಚಿದರು. ಅವರ ಕಡಿಮೆ ವೆಚ್ಚದ ಕಟ್ಟಡಗಳಿಗೆ ಆರಂಭದ ದಿನಗಳಲ್ಲಿ ಬೆಂಬಲವಾಗಿ ನಿಂತವರಲ್ಲಿ ತಿರುವನಂತಪುರದ ಆರ್ಚ್‌ಬಿಷಪ್ ಬೆನೆಡಿಕ್ಟ್ ಮಾರ್ ಗ್ರೆಗೋರಿಯೋಸ್ ಅವರೂ ಒಬ್ಬರೆಂಬುದು ನಮಗೆ ಅಭಿಮಾನದ ಸಂಗತಿ. 1970ರ ದಶಕದಲ್ಲಿ ಬೇಕರ್ ಅವರು ಅದೇ ನಗರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಅದರ ನಡುವೆ ಗೋಪುರದಂತೆ ಎದ್ದು ನಿಂತಿರುವುದು ಗ್ರಂಥಾಲಯ. ಅದು ಸಂಶೋಧಕರಿಗಾಗಿ ಇರುವ ಗ್ರಂಥಾಲಯವೇನೋ ನಿಜ. ಆದರೆ ಅದರ ಪಾಠ ಎಲ್ಲರಿಗೂ ಸಲ್ಲುತ್ತದೆ. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಹೆಣೆದ ಜಾಲಂಧ್ರದ ಗೋಡೆಗಳು ಅಲ್ಲಿ ಗಾಳಿ ಬೆಳಕುಗಳನ್ನು ಸೋಸಿ ಒಳಗೆ ಕಳಿಸುತ್ತವೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ಒಡಲಲ್ಲಿ ಪೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಬೇಕರ್ ಬಳಕೆಗೆ ತಂದರು. ಅದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಪೊಳ್ಳಿನೊಳಗಿನ ಗಾಳಿ ಬಿಸಿಲಿನ ತಾಪವನ್ನು ತಡೆಯುತ್ತದೆ. ತಾರಸಿಯ ಕೆಳಭಾಗದ ಕಾಂಕ್ರೀಟು ಭಾರವನ್ನು ಹೊರುವುದಿಲ್ಲವೆಂದು ಅರಿತು ಅಲ್ಲಿ ಮಂಗಳೂರು ಹಂಚುಗಳನ್ನು ಹುದುಗಿಸಿ, ಸಿಮೆಂಟನ್ನೂ ಕಬ್ಬಿಣವನ್ನೂ ಉಳಿಸುವ ವಿಧಾನವನ್ನು ಅವರು ಜನಪ್ರಿಯಗೊಳಿಸಿದರು. ನಾವು ಕಳಚಿ ಎಸೆಯುತ್ತಿರುವ ಹಂಚಿನ ಬೆಲೆಯನ್ನು ಬರ್ಮಿಂಗ್‌ಹ್ಯಾಮಿನಿಂದ ಬಂದವರೊಬ್ಬರು ಕಂಡುಕೊಂಡರು!

ಹೊರನಾಡಿನ ಎರಡು, ನೆರೆನಾಡಿನ ಒಂದು

ಹೊಸದಾಗಿ ಕಟ್ಟುವವರು ಹೊರನಾಡುಗಳಿಂದ ಕಲಿಯಬೇಕಾದುದೂ ಇದೆ. ನಮ್ಮ ಕರಾವಳಿಯಂತೆಯೇ ಸೆಕೆ ಮಳೆಗಳ ಊರಾದ ಸಿಂಗಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ಗ್ರಂಥಾಲಯದ 16 ಅಂತಸ್ತುಗಳ ಹೊಸ ಕಟ್ಟಡ ತೆರೆಯಿತು. ಮಲೇಷ್ಯದ ವಾಸ್ತುಶಿಲ್ಪಿ ಕೆನ್ ಯಾಂಗ್ ಅದನ್ನು ಎರಡು ಭಾಗಗಳಾಗಿ ಒಡೆದು, ನಡುವೆ ಗಾಳಿಯಾಡುವ ನೆರಳಿನ ಬಯಲನ್ನು ಬಿಟ್ಟು, ಮೇಲೆ ಸೇತುವೆಗಳಿಂದ ಜೋಡಿಸಿದರು. ಕಿಟಕಿಗಳ ಹೊರಗೆ ಚಾಚಿದ ಪಟ್ಟಿಗಳು ಬಿಸಿಲನ್ನು ತಡೆದು ಬೆಳಕನ್ನು ಮಾತ್ರ ಒಳಕ್ಕೆ ದಾಟಿಸುತ್ತವೆ; ಅಂತಸ್ತುಗಳ ನಡುವೆ ತೋಟಗಳಿವೆ. ಅಲ್ಲಿಯೂ ಹವಾನಿಯಂತ್ರಣವಿದೆ. ಆದರೆ ಯಂತ್ರದ ಹೊರೆಯನ್ನು ನೆರಳು ಮೊದಲೇ ಹಗುರ ಮಾಡಿರುತ್ತದೆ. ತೈವಾನಿನ ತೈಪೆ ನಗರದ ಬೈತೋ ಎಂಬಲ್ಲಿ 2006ರಲ್ಲಿ ತೆರೆದ ಶಾಖಾ ಗ್ರಂಥಾಲಯ ಇನ್ನೂ ಸರಳ. ಉದ್ಯಾನದ ನಡುವೆ ಮರದಿಂದ ಕಟ್ಟಿದ ಮನೆ. ಸುತ್ತಲೂ ಕುಳಿತು ಓದಬಹುದಾದ ಜಗಲಿಗಳು. ಮಾಡಿನ ಮೇಲೆ ಸೌರಫಲಕ. ಇಳಿಜಾರಿನಿಂದ ಹರಿದು ಬಂದ ಮಳೆನೀರು ಗಿಡಗಳಿಗೂ ಶೌಚಾಲಯಗಳಿಗೂ ಒದಗುತ್ತದೆ. ಅಲ್ಲಿಯವರು ಹೊಸತೆಂದು ಮೆಚ್ಚಿದ ಆ ಜಗಲಿ ನಮ್ಮ ಅಜ್ಜಿಯ ಮನೆಯಲ್ಲಿತ್ತು.

ನೆರೆಯ ಚೆನ್ನೈಯ ಕಥೆ ಇನ್ನೊಂದು ಬಗೆಯದು. ಅಲ್ಲಿನ ಕೊಟ್ಟೂರುಪುರದಲ್ಲಿ 2010ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕೆ ಎಂಟು ಎಕರೆ ಜಾಗ, ಒಂಬತ್ತು ಅಂತಸ್ತು, 12 ಲಕ್ಷ ಪುಸ್ತಕಗಳಿಗೆ ಸ್ಥಳಾವಕಾಶ. ಹಸಿರು ಕಟ್ಟಡಗಳಿಗೆ ನೀಡುವ ಲೀಡ್ ಸುವರ್ಣ ಶ್ರೇಣಿಯೂ ಅದಕ್ಕೆ ಸಂದಿತು. ಆದರೆ ಸರ್ಕಾರ ಬದಲಾದ ಮೇಲೆ, 2011ರ ನವೆಂಬರಿನಲ್ಲಿ, ಅದನ್ನು ಮಕ್ಕಳ ಆಸ್ಪತ್ರೆಯನ್ನಾಗಿ ಪರಿವರ್ತಿಸುವ ತೀರ್ಮಾನ ಹೊರಬಿತ್ತು. ಓದುಗರು ಮದ್ರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಾಲಯ ತಡೆಯಾಜ್ಞೆ ನೀಡಿತು. ಮುಂದೆ ನಿರ್ವಹಣೆಯ ಕೊರತೆಯ ವಿಚಾರವೂ ಅದೇ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕಟ್ಟಡವನ್ನು ಬಾಳಿಸುವುದು ಗೋಡೆಯ ಮೇಲಿನ ಪ್ರಮಾಣಪತ್ರವಲ್ಲ, ಅದು ತಮ್ಮದೆಂದು ಬಗೆದ ಜನರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಲೆಕ್ಕ ಹಾಕಿ ನೋಡೋಣ

ಪರಿಸರಸ್ನೇಹಿ ಕಟ್ಟಡ ದುಬಾರಿಯೆಂಬ ಅಪನಂಬಿಕೆ ನಮ್ಮಲ್ಲಿ ಬೇರೂರಿದೆ. ಸಾಮಾನ್ಯ ಲೆಕ್ಕವೇ ಇದನ್ನು ಅಲ್ಲಗಳೆಯುತ್ತದೆ. ಒಂದೂವರೆ ಟನ್ನಿನ ಒಂದು ಹವಾನಿಯಂತ್ರಣ ಯಂತ್ರ ನಡೆಯುವಾಗ ಸುಮಾರು 1,500 ವಾಟ್ ವಿದ್ಯುತ್ತನ್ನು ನುಂಗುತ್ತದೆ. ಅಷ್ಟೇ ವಿದ್ಯುತ್ತಿನಲ್ಲಿ 75 ವಾಟಿನ 20 ಪಂಖಗಳನ್ನು ತಿರುಗಿಸಬಹುದು. ಈಚೆಗೆ ಬಂದಿರುವ 30 ವಾಟಿನ ಪಂಖಗಳಾದರೆ 50. ಮಂಗಳೂರಿನಂತಹ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಹಾಗಾದರೆ 200 ಚದರ ಮೀಟರಿನ ಸಣ್ಣ ಗ್ರಂಥಾಲಯದ ಮಾಡಿನ ಮೇಲೆ ವರ್ಷಕ್ಕೆ 7 ಲಕ್ಷ ಲೀಟರ್ ನೀರು ಬೀಳುತ್ತದೆ. ಅದನ್ನು ರಸ್ತೆಗೆ ಹರಿಯಬಿಟ್ಟು, ಮೇ ತಿಂಗಳಲ್ಲಿ ಟ್ಯಾಂಕರಿಗಾಗಿ ಕಾಯುವುದು ಯಾವ ಜಾಣತನ? ಐದು ಕಿಲೋವಾಟಿನ ಸೌರಫಲಕ ದಿನಕ್ಕೆ ಸರಾಸರಿ 20 ಯೂನಿಟ್ ವಿದ್ಯುತ್ ಕೊಡಬಲ್ಲದು. ಗಾಳಿ ಬೆಳಕುಗಳನ್ನು ನಂಬಿದ ಚಿಕ್ಕ ಗ್ರಂಥಾಲಯದ ದೀಪ, ಪಂಖ, ನಾಲ್ಕಾರು ಗಣಕಯಂತ್ರಗಳಿಗೆ ಅದು ಸಾಕಾಗುತ್ತದೆ. ಗಾಜಿನ ಪೆಟ್ಟಿಗೆಯಂತಹ ಕಟ್ಟಡಕ್ಕೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಹಂಚಿನ ಮಾಡಿಗೆ ವರ್ಷವರ್ಷವೂ ಕೈಯಾಡಿಸಬೇಕು. ಆ ಕೆಲಸ ಬಲ್ಲವರು ಇಂದು ವಿರಳ. ಮಂಗಗಳ ಹಾವಳಿ ಬೇರೆ. ಜಗಲಿಗೆ ಧೂಳು ಬರುತ್ತದೆ, ರಸ್ತೆಯ ಗದ್ದಲ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಯುವಜನರು ಗಣಕಯಂತ್ರವನ್ನೂ ತಂಪಾದ ಕೋಣೆಯನ್ನೂ ಬಯಸುವುದು ತಪ್ಪೇನಲ್ಲ. ಇವೆಲ್ಲ ನ್ಯಾಯವಾದ ಮಾತುಗಳೇ. ಆದುದರಿಂದಲೇ ಎಲ್ಲ ಕಡೆಯೂ ಒಂದೇ ನಕ್ಷೆಯನ್ನು ಹೇರಬಾರದು. ಅಪೂರ್ವ ಗ್ರಂಥಗಳಿಗೂ ಗಣಕಯಂತ್ರಗಳಿಗೂ ಒಂದು ಚಿಕ್ಕ ಕೋಣೆಯನ್ನು ಮುಚ್ಚಿ ತಂಪಾಗಿಡಲಿ; ಉಳಿದ ಓದುಮನೆ ಗಾಳಿಗೆ ತೆರೆದಿರಲಿ. ಹಂಚು ಒಲ್ಲದ ಕಡೆ ತಾರಸಿಯೇ ಇರಲಿ; ಆದರೆ ಅದರ ಮೇಲೆ ಬಿಳಿ ಬಣ್ಣವೋ ನೆರಳಿನ ಮಾಡೋ ಇರಲಿ. ಗದ್ದಲವಿದ್ದಲ್ಲಿ ಜಗಲಿ ಹಿತ್ತಲ ಕಡೆಗಿರಲಿ. ಕಿಟಕಿಗಳು ಉತ್ತರ ದಕ್ಷಿಣಗಳಿಗೆ ತೆರೆಯಲಿ. ಪೂರ್ವ ಪಶ್ಚಿಮಗಳಲ್ಲಿ ಗೋಡೆಯೂ ಮರಗಳೂ ಕಾವಲಿರಲಿ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಬೇಕಾದುದು ನಕ್ಷೆ ಬರೆಯುವ ಮುನ್ನ ಆ ನಿವೇಶನದಲ್ಲಿ ಮೇ ತಿಂಗಳಲ್ಲೊಮ್ಮೆ, ಜುಲೈಯಲ್ಲೊಮ್ಮೆ ನಿಂತು ನೋಡುವ ತಾಳ್ಮೆ.

ಎಲ್ಲಕ್ಕಿಂತ ಮಿಗಿಲಾಗಿ, ಕೆಡವುವ ಮೊದಲು ಎರಡು ಬಾರಿ ಯೋಚಿಸಬೇಕು. ಗಟ್ಟಿಯಾಗಿರುವ ಹಳೆಯ ಕಟ್ಟಡದಲ್ಲಿ ಹಿರಿಯರ ದುಡಿಮೆಯೂ ಸುಟ್ಟ ಇಟ್ಟಿಗೆಯ ಉರುವಲೂ ಈಗಾಗಲೇ ಸಂದಾಯವಾಗಿವೆ. ಅದನ್ನು ದುರಸ್ತಿ ಮಾಡಿ ಬಳಸುವುದಕ್ಕಿಂತ ಪರಿಸರಸ್ನೇಹಿಯಾದ ಹೊಸ ಕಟ್ಟಡ ಅಪರೂಪ. ನಾನು ಕಂಡ ಪಟ್ಟಣದಲ್ಲಿ ಮಾಡಿನ ನಾಲ್ಕು ಪಕ್ಕಾಸುಗಳನ್ನು ಬದಲಿಸಿ, ಹಂಚು ಹೊದಿಸಿ, ಹಿಂಬದಿಗೆ ಒಂದು ಕೋಣೆಯನ್ನು ಸೇರಿಸಿದ್ದರೆ ಸಾಕಿತ್ತು.

ನಾವು ಮಾಡಬೇಕಾದುದೇನು?

ಕರ್ನಾಟಕದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಗಿ ಮಕ್ಕಳು ಅವುಗಳತ್ತ ಹೆಜ್ಜೆ ಹಾಕಿದರು. ಇಂದು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಎಷ್ಟೋ ಊರುಗಳಲ್ಲಿ ಅವು ಬಣ್ಣ ಬಳಿದುಕೊಂಡು ಹೊಸ ಜೀವ ಪಡೆದಿವೆ. ಹೊಸ ಕಟ್ಟಡದ ಪ್ರಸ್ತಾಪ ಬಂದಾಗ ಗ್ರಾಮಸಭೆಯಲ್ಲಿ, ವಾರ್ಡು ಸಭೆಯಲ್ಲಿ ಎದ್ದುನಿಂತು ಮೂರು ಪ್ರಶ್ನೆಗಳನ್ನು ಕೇಳುವುದು ನಮ್ಮ ಹಕ್ಕು. ಹಳೆಯ ಕಟ್ಟಡವನ್ನು ಉಳಿಸಲು ಸಾಧ್ಯವಿಲ್ಲವೇ? ವಿದ್ಯುತ್ತಿಲ್ಲದ ದಿನ ಈ ಕಟ್ಟಡದಲ್ಲಿ ಕುಳಿತು ಓದಲಾದೀತೇ? ಹತ್ತು ವರ್ಷಗಳ ವಿದ್ಯುತ್ ಬಿಲ್ಲನ್ನೂ ದುರಸ್ತಿಯ ವೆಚ್ಚವನ್ನೂ ಅಂದಾಜು ಪಟ್ಟಿಯಲ್ಲಿ ಸೇರಿಸಲಾಗಿದೆಯೇ? ಮೂರನೆಯ ಪ್ರಶ್ನೆಗೆ ಉತ್ತರ ದೊರಕದಿದ್ದರೆ ಆ ಕಟ್ಟಡಕ್ಕೆ ಅಡಿಗಲ್ಲು ಇಡದಿರುವುದೇ ಲೇಸು.

ಇನ್ನೊಬ್ಬರನ್ನು ಪ್ರಶ್ನಿಸುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಲ್ಲವೇ? ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಒಂದೇ ಮನೆಯೆಂದು ಕರೆದು, ಕಟ್ಟಡಗಳನ್ನೂ ಸಾರ್ವಜನಿಕ ಸ್ಥಳಗಳನ್ನೂ ರೂಪಿಸುವವರು ಅಲ್ಲಿ ಬದುಕುವ ಜನರನ್ನು ಅರಿತು ಕೆಲಸ ಮಾಡಬೇಕೆಂದು ತಿಳಿಸಿದ್ದಾರೆ. ಧರ್ಮಕೇಂದ್ರಗಳ ಜೂಬಿಲಿಯ ನೆನಪಿಗೆ ಸಭಾಭವನಗಳನ್ನು ಕಟ್ಟುವಾಗ ನಾವು ಈ ಮಾತನ್ನು ಎಷ್ಟು ನೆನೆಯುತ್ತೇವೆ? ವರ್ಷದಲ್ಲಿ ಕೆಲವೇ ದಿನ ಮದುವೆಗಳಿಗಾಗಿ ತೆರೆಯುವ ಆ ಭವನಗಳ ಜಗಲಿಯಲ್ಲಿ ಒಂದು ಕಪಾಟು, ನಾಲ್ಕು ಬೆಂಚು, ಎರಡು ದಿನಪತ್ರಿಕೆ ಇಟ್ಟರೆ ಜಾತಿ ಮತಗಳ ಭೇದವಿಲ್ಲದೆ ನೆರೆಹೊರೆಯ ಮಕ್ಕಳು ಬಂದು ಓದಬಹುದು. ಕಟ್ಟಿದುದನ್ನು ಪೂರ್ತಿಯಾಗಿ ಬಳಸುವುದೂ ಸುಸ್ಥಿರತೆಯ ಒಂದು ಪಾಠವೇ.

ಆ ಏಪ್ರಿಲ್ ಮಧ್ಯಾಹ್ನ ನಾನು ಹೊರಟು ನಿಂತಾಗ ಜಗಲಿಯ ತುದಿಯಲ್ಲಿದ್ದ ಹುಡುಗಿಯೊಬ್ಬಳು ಬಿಸಿಲು ತನ್ನತ್ತ ಸರಿದುದನ್ನು ಕಂಡು, ಪುಸ್ತಕದಿಂದ ಕಣ್ಣೆತ್ತದೆಯೇ ಎರಡಡಿ ಒಳಕ್ಕೆ ಸರಿದು ಕುಳಿತಳು. ನೆರಳಿಗೆ ಇನ್ನೂ ಜಾಗವಿತ್ತು. ಮುಂದೆ ಕಟ್ಟುವ ಗ್ರಂಥಾಲಯಗಳಲ್ಲಿ ಅವಳಂಥವರಿಗೆ ಆ ಎರಡಡಿ ನೆರಳು ಉಳಿದಿರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.